ಎಸೆಕ್ಸ್ ಬಿಟ್ಟುಕೊಟ್ಟ ಶಿಕ್ಷಕ

ಕ್ರಿಕೆಟ್ ಪಂದ್ಯವೊಂದು ಮುಗಿದ ಮರುದಿನ ಪತ್ರಿಕೆಗಳಲ್ಲಿ ಅದರ ಅಂಕಪಟ್ಟಿ ಅಚ್ಚಾಗುತ್ತದೆ. ಯಾವ ದಾಂಡಿಗ ಎಷ್ಟು ಓಟಗಳನ್ನು ಗಳಿಸಿದ, ಯಾರ ಎಸೆತಕ್ಕೆ ಬಲಿಯಾದ, ಕ್ಯಾಚ್ ಹಿಡಿದವರು ಯಾರು, ಇತರೆ ಓಟಗಳೆಷ್ಟು ಎಂಬುದೆಲ್ಲ ಅದರಲ್ಲಿ ತಪ್ಪದೆ ಇರುತ್ತದೆ. ಅಂಪೈರುಗಳ ಹೆಸರೂ ಇರುತ್ತದೆ. ಆದರೆ ಶತಕ ಹೊಡೆದ ದಾಂಡಿಗನಿಗೆ ಪಂದ್ಯಕ್ಕೆ ಮುನ್ನ ಬಲೆಯೊಳಗೆ ನಿಂತು ನೂರಾರು ಚೆಂಡುಗಳನ್ನು ಎಸೆದುಕೊಟ್ಟು, ಅವನ ತಲೆ ಎತ್ತ ವಾಲುತ್ತಿದೆ, ಮುಂಗಾಲು ಎಲ್ಲಿ ಊರುತ್ತಿದೆ ಎಂದು ಕಣ್ಣಿಟ್ಟು ನೋಡಿದವನ ಹೆಸರನ್ನು ಆ ಪಟ್ಟಿಯಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಅವನು ತಂಡದ ಬ್ಯಾಟಿಂಗ್ ಶಿಕ್ಷಕ. ಅಂಥ ಒಬ್ಬ ಶಿಕ್ಷಕನನ್ನು ಇಂಗ್ಲೆಂಡಿನ ಒಂದು ಕೌಂಟಿ ತಂಡ 2012ರಲ್ಲಿ ದೇಶಕ್ಕೆ ಬಿಟ್ಟುಕೊಡಬೇಕಾಯಿತು.

ನಮ್ಮಲ್ಲಿ ಜಿಲ್ಲೆಗಳಿರುವಂತೆ ಇಂಗ್ಲೆಂಡಿನಲ್ಲಿ ಕೌಂಟಿಗಳಿವೆ. ಅವುಗಳ ಪೈಕಿ ಕೆಲವು ಬಹು ಹಿಂದಿನಿಂದಲೂ ತಮ್ಮ ತಮ್ಮ ಕ್ರಿಕೆಟ್ ತಂಡಗಳನ್ನು ಕಟ್ಟಿಕೊಂಡು ಪ್ರತಿ ಬೇಸಗೆಯಲ್ಲಿಯೂ ಪರಸ್ಪರ ಸೆಣಸುತ್ತ ಬಂದಿವೆ. 1890ರಿಂದ ಈ ಸೆಣಸಾಟಕ್ಕೆ ಕೌಂಟಿ ಚಾಂಪಿಯನ್‌ಷಿಪ್ ಎಂಬ ಅಧಿಕೃತ ರೂಪ ದೊರೆಯಿತು. ನಮ್ಮ ನಾಡಿನ ಆಟಗಾರರಿಗೂ ಈ ಪಂದ್ಯಾವಳಿ ಅಪರಿಚಿತವಲ್ಲ. 1995ರಲ್ಲಿ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಷೈರ್ ತಂಡದ ಪರವಾಗಿ ಆಡಿ ಒಂದೇ ಋತುವಿನಲ್ಲಿ ನೂರಕ್ಕಿಂತ ಹೆಚ್ಚು ವಿಕೆಟ್‌ಗಳನ್ನು ಪಡೆದರು. ಅದೇ ವರ್ಷ ಜಾವಗಲ್ ಶ್ರೀನಾಥ್ ಗ್ಲೌಸ್ಟರ್‌ಷೈರಿಗೆ ಆಡಿದರು.

ಎಸೆಕ್ಸ್ ಕೌಂಟಿ ಲಂಡನ್ ನಗರಕ್ಕೆ ಪೂರ್ವದಲ್ಲಿದೆ. ಅದರ ಕ್ರಿಕೆಟ್ ಸಂಸ್ಥೆ 1876ರಲ್ಲಿ ಹುಟ್ಟಿತು. ಚೆಲ್ಮ್ಸ್‌ಫರ್ಡ್ ಎಂಬ ಊರು ಅದರ ನೆಲೆ. ಹುಟ್ಟಿದ ಮೇಲೆ ನೂರಮೂರು ವರ್ಷಗಳ ಕಾಲ ಈ ತಂಡ ಒಮ್ಮೆಯೂ ಚಾಂಪಿಯನ್ ಪಟ್ಟವನ್ನು ಕಾಣಲಿಲ್ಲ. 1979ರಲ್ಲಿ ಕೀತ್ ಫ್ಲೆಚರ್ ಅವರ ನಾಯಕತ್ವದಲ್ಲಿ ಆ ಬರ ನೀಗಿತು. ಆ ತಂಡದ ಆರಂಭಿಕ ದಾಂಡಿಗ ಗ್ರಹಾಂ ಗೂಚ್.

ಗೂಚ್ ಅವರ ಹೆಸರನ್ನು ಭಾರತದ ಹಿರಿಯ ಕ್ರಿಕೆಟ್ ಪ್ರೇಮಿಗಳು ಸುಲಭವಾಗಿ ಮರೆಯಲಾರರು. 1990ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ನಮ್ಮ ತಂಡದ ವಿರುದ್ಧ ಅವರು ಮೊದಲ ಸರದಿಯಲ್ಲಿ 333, ಎರಡನೆಯದರಲ್ಲಿ 123 ಓಟಗಳನ್ನು ಗಳಿಸಿದರು. 36 ಓಟಗಳಾಗಿದ್ದಾಗ ಅವರು ಕೊಟ್ಟ ಕ್ಯಾಚನ್ನು ನಮ್ಮ ವಿಕೆಟ್‌ಕೀಪರ್ ಕಿರಣ್ ಮೋರೆ ಕೈಚೆಲ್ಲಿದ್ದರು. ಅಷ್ಟು ದುಬಾರಿಯಾದ ಕೈಜಾರು ಕ್ರಿಕೆಟ್ಟಿನಲ್ಲಿ ವಿರಳ. ಆದರೆ ಇದೇ ಗೂಚ್ 1975ರಲ್ಲಿ ತಮ್ಮ ಮೊದಲ ಟೆಸ್ಟ್ ಪಂದ್ಯವನ್ನಾಡಿದಾಗ ಎರಡು ಸರದಿಗಳಲ್ಲಿಯೂ ಸೊನ್ನೆ ಸುತ್ತಿ ಹಿಂದಿರುಗಿದವರು. ಅಲ್ಲಿಂದ ತೊಡಗಿ 118 ಟೆಸ್ಟ್‌ಗಳಲ್ಲಿ 8,900 ಓಟಗಳವರೆಗೆ ನಡೆದ ಅವರ ದಾರಿ ಪ್ರತಿಭೆಯೊಂದರಿಂದಲೇ ಸವೆದುದಲ್ಲ. ಬೆಳಗಿನ ಓಟ, ಬಲೆಯ ಅಭ್ಯಾಸ, ಮತ್ತೆ ಓಟ, ಮತ್ತೆ ಅಭ್ಯಾಸ ಎಂಬ ದಿನಚರಿಯನ್ನು ಅವರು ನಲವತ್ತು ದಾಟಿದ ಮೇಲೂ ಬಿಡಲಿಲ್ಲ. ಎರಡು ಸೊನ್ನೆಗಳ ರುಚಿ ಬಲ್ಲವರಾದ್ದರಿಂದಲೇ ಮುಂದೆ ಅವರು ಒಳ್ಳೆಯ ಶಿಕ್ಷಕರಾದರೆಂದು ನನಗೆ ಅನ್ನಿಸುತ್ತದೆ. ಸಲೀಸಾಗಿ ಬಂದುದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುವುದು ಕಷ್ಟ.

1997ರಲ್ಲಿ ಆಟದಿಂದ ನಿವೃತ್ತರಾದ ಗೂಚ್ ಕೆಲವು ವರ್ಷಗಳ ಬಳಿಕ ತಮ್ಮ ಕೌಂಟಿಗೇ ಮುಖ್ಯ ಶಿಕ್ಷಕರಾಗಿ ಬಂದರು. ತರುವಾಯ ಬ್ಯಾಟಿಂಗನ್ನು ಮಾತ್ರ ಕಲಿಸುವ ಹೊಣೆಯನ್ನು ಉಳಿಸಿಕೊಂಡರು. ತಾವು ಕಲಿಸುವುದು ಬ್ಯಾಟಿಂಗ್ ಅಲ್ಲ, ಓಟ ಗಳಿಸುವ ವಿದ್ಯೆ ಎನ್ನುವುದು ಅವರ ವಾಡಿಕೆ. ಎರಡಕ್ಕೂ ಏನು ಅಂತರವೆಂದು ನೀವು ಕೇಳಬಹುದು. ಬಲೆಯೊಳಗೆ ಅಂದವಾಗಿ ಡ್ರೈವ್ ಮಾಡುವವರು ಬೇಕಾದಷ್ಟು ಮಂದಿ. ಗಾಳಿ ಬೀಸುವ ಏಪ್ರಿಲ್ ತಿಂಗಳ ಬೆಳಗಿನಲ್ಲಿ, ಹಸುರು ಪಿಚ್ಚಿನ ಮೇಲೆ, ಚೆಂಡು ಅತ್ತಿತ್ತ ಹೊರಳುತ್ತಿರುವಾಗ ಮೊದಲ ಒಂದು ಗಂಟೆಯನ್ನು ಕಳೆದು ನಿಲ್ಲುವವರು ಕಡಿಮೆ. ನಿಂತ ಮೇಲೆ ನೂರು ಗಳಿಸಿ, ಸಾಕೆಂದು ದಣಿದು ವಿಕೆಟ್ ಒಪ್ಪಿಸುವುದೂ ಗೂಚ್ ಅವರಿಗೆ ಒಪ್ಪಿಗೆಯಿಲ್ಲದ ಮಾತು. ನೂರಐವತ್ತು, ಇನ್ನೂರು ಎಂದು ಮುಂದುವರಿಯಬೇಕು. ಅಂಥ ದೊಡ್ಡ ಶತಕಕ್ಕೆ ಅವರು ಇಟ್ಟ ಹೆಸರು ‘ಡ್ಯಾಡಿ ಹಂಡ್ರೆಡ್’. ಅಂದರೆ ಅಪ್ಪನಂಥ ನೂರು.

ಅವರ ಕೈಯಲ್ಲಿ ಸದಾ ಒಂದು ಪ್ಲಾಸ್ಟಿಕ್ ಕೋಲು ಇರುತ್ತಿತ್ತು. ಸಾಕುನಾಯಿಗಳನ್ನು ಆಡಿಸಲು ದೂರಕ್ಕೆ ಚೆಂಡೆಸೆಯುವ ಕೋಲೊಂದು ಇಂಗ್ಲೆಂಡಿನ ಅಂಗಡಿಗಳಲ್ಲಿ ಸಿಗುತ್ತದೆ; ಅದರ ತುದಿಯಲ್ಲಿ ಚೆಂಡನ್ನು ಹಿಡಿದಿಡುವ ಬಟ್ಟಲಿನಂಥ ಭಾಗವಿರುತ್ತದೆ. ಅದೇ ಬಗೆಯ ಕೋಲನ್ನು ಕ್ರಿಕೆಟ್ ಅಭ್ಯಾಸದಲ್ಲಿ ರೂಢಿಗೆ ತಂದವರಲ್ಲಿ ಗೂಚ್ ಪ್ರಮುಖರು. ಕೋಲಿನಿಂದಾಗಿ ಎಸೆಯುವವನ ತೋಳು ಉದ್ದವಾದಂತಾಗಿ, ಭುಜಕ್ಕೆ ಹೆಚ್ಚು ಆಯಾಸವಿಲ್ಲದೆಯೇ ಚೆಂಡು ವೇಗದ ಬೌಲರನ ಎಸೆತದಷ್ಟು ರಭಸದಿಂದ ಹೊರಡುತ್ತದೆ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ದಾಂಡಿಗನನ್ನು ಮುಟ್ಟಲು ಸುಮಾರು ಅರ್ಧ ಸೆಕೆಂಡು ಸಾಕು. ಶಿಕ್ಷಕ ನಾಲ್ಕು ಹೆಜ್ಜೆ ಮುಂದೆ ಬಂದು ಎಸೆದರೆ ಆ ಕಾಲವೂ ಕುಗ್ಗುತ್ತದೆ. ಬೌಲಿಂಗ್ ಯಂತ್ರದಿಂದಲೂ ಇಷ್ಟು ವೇಗ ದೊರೆಯುವುದು ನಿಜ. ಆದರೆ ಯಂತ್ರಕ್ಕೆ ತೋಳಿಲ್ಲ, ಚೆಂಡು ಕೈಬಿಡುವ ಗಳಿಗೆಯನ್ನು ದಾಂಡಿಗ ಅಲ್ಲಿ ಓದಲಾರ. ಅದಕ್ಕಿಂತ ಮುಖ್ಯವಾಗಿ, ಯಂತ್ರ ದಾಂಡಿಗನನ್ನು ನೋಡುವುದಿಲ್ಲ. ಎದುರು ನಿಂತು ಎಸೆಯುವ ಶಿಕ್ಷಕ ಪ್ರತಿ ಎಸೆತಕ್ಕೂ ಅವನನ್ನು ನೋಡುತ್ತಾನೆ.

ಈ ಕೋಲಿನ ವಿದ್ಯೆ ನಮ್ಮ ನಾಡಿಗೂ ಬಂದಿದೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾದವರಾದ ರಾಘವೇಂದ್ರ ಅವರು ಇಂಥದೇ ಕೋಲನ್ನು ಹಿಡಿದು ಭಾರತ ತಂಡದ ದಾಂಡಿಗರಿಗೆ ಅನೇಕ ವರ್ಷ ಚೆಂಡೆಸೆದಿದ್ದಾರೆ. ವೇಗದ ಬೌಲಿಂಗನ್ನು ಎದುರಿಸುವುದರಲ್ಲಿ 2013ರಿಂದೀಚೆಗೆ ತಮ್ಮ ಆಟ ಸುಧಾರಿಸಿದ್ದಕ್ಕೆ ಅವರೇ ಕಾರಣರೆಂದು ವಿರಾಟ್ ಕೊಹ್ಲಿ 2020ರಲ್ಲಿ ಬಹಿರಂಗವಾಗಿ ಹೇಳಿದ್ದುಂಟು.

ಎಸೆಕ್ಸಿನಲ್ಲಿ ಗೂಚ್ ಅವರ ಗರಡಿಯಲ್ಲಿ ಪಳಗಿದವರಲ್ಲಿ ಅಗ್ರಗಣ್ಯ ಅಲಸ್ಟೇರ್ ಕುಕ್. ಹದಿನೆಂಟರ ಹರೆಯದಲ್ಲಿ, 2003ರಲ್ಲಿ, ಕುಕ್ ಕೌಂಟಿಯ ಪರವಾಗಿ ಮೊದಲ ಪಂದ್ಯವನ್ನಾಡಿದರು. 2006ರ ಮಾರ್ಚಿನಲ್ಲಿ ನಾಗಪುರದಲ್ಲಿ ಭಾರತದ ವಿರುದ್ಧ ಟೆಸ್ಟ್ ಪ್ರವೇಶ ಮಾಡಿ, ಅದೇ ಪಂದ್ಯದಲ್ಲಿ ಶತಕ ಗಳಿಸಿದರು. ಅವರ ಆಟದಲ್ಲಿ ಕಣ್ಣು ಕೋರೈಸುವ ಚೆಲುವಿರಲಿಲ್ಲ. ತಾಳ್ಮೆಯಿತ್ತು, ದಣಿವರಿಯದ ದೇಹವಿತ್ತು, ತನಗೆ ಬಾರದ ಹೊಡೆತವನ್ನು ಮುಟ್ಟದಿರುವ ವಿವೇಕವಿತ್ತು. 2010ರ ಬೇಸಗೆಯಲ್ಲಿ ಓಟಗಳು ಬತ್ತಿಹೋಗಿ ಕುಕ್ ಅವರ ಸ್ಥಾನವೇ ಅಲುಗಾಡಿತು. ಆ ವರ್ಷದ ಕೊನೆಗೆ ಆಸ್ಟ್ರೇಲಿಯಕ್ಕೆ ಹೋದ ಅವರು ಒಂದೇ ಸರಣಿಯಲ್ಲಿ 766 ಓಟಗಳನ್ನು ಕಲೆಹಾಕಿದರು. ಇಂಗ್ಲೆಂಡ್ ಆ ನೆಲದಲ್ಲಿ ಇಪ್ಪತ್ತನಾಲ್ಕು ವರ್ಷಗಳ ಬಳಿಕ ಸರಣಿಯನ್ನು ಗೆದ್ದಿತು. ಮರುವರ್ಷ ಎಜ್‌ಬಾಸ್ಟನ್ನಿನಲ್ಲಿ ಭಾರತದ ವಿರುದ್ಧ 294. ಗುರು ಹೇಳಿದ ಅಪ್ಪನಂಥ ನೂರು ಎಂದರೆ ಇದೇ.

2009ರಿಂದಲೇ ಗೂಚ್ ಎಸೆಕ್ಸಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು ಇಂಗ್ಲೆಂಡ್ ತಂಡಕ್ಕೂ ಕಲಿಸುತ್ತಿದ್ದರು. ಫಲ ಕಣ್ಣಿಗೆ ಕಾಣುತ್ತಿರುವಾಗ ದೇಶದ ಕ್ರಿಕೆಟ್ ಮಂಡಳಿ ಅವರನ್ನು ಅರೆಕಾಲಕ್ಕೆ ಮಾತ್ರ ಕರೆದು ತೃಪ್ತಿಪಡುವುದುಂಟೆ? 2012ರಲ್ಲಿ ಅವರು ಕೌಂಟಿಯ ಕೆಲಸವನ್ನು ಬಿಟ್ಟು ಇಂಗ್ಲೆಂಡಿನ ಪೂರ್ಣಕಾಲದ ಬ್ಯಾಟಿಂಗ್ ಶಿಕ್ಷಕರಾದರು.

ಇಲ್ಲಿ ಕೌಂಟಿಯ ಪಾಡನ್ನು ಸ್ವಲ್ಪ ಆಲೋಚಿಸಬೇಕು. ಒಳ್ಳೆಯ ಆಟಗಾರನನ್ನು ದೇಶ ಕರೆದುಕೊಂಡು ಹೋಗುವುದು ಹಳೆಯ ಸಂಪ್ರದಾಯ. 2000ದಿಂದ ಇಂಗ್ಲೆಂಡಿನಲ್ಲಿ ಪ್ರಮುಖ ಟೆಸ್ಟ್ ಆಟಗಾರರು ನೇರವಾಗಿ ಮಂಡಳಿಯ ಸಂಬಳಕ್ಕೆ ಸೇರಿ, ತಮ್ಮ ಕೌಂಟಿಗೆ ವರ್ಷದಲ್ಲಿ ನಾಲ್ಕಾರು ಬಾರಿ ಬರುವ ನೆಂಟರಂತಾದರು. ಆದರೂ ಆಟಗಾರ ಹೋದರೆ ಒಂದು ಸ್ಥಾನ ಮಾತ್ರ ತೆರವಾಗುತ್ತದೆ; ಅಲ್ಲಿ ಇನ್ನೊಬ್ಬ ಹುಡುಗನನ್ನು ಆಡಿಸಬಹುದು. ಶಿಕ್ಷಕ ಹೋದಾಗ ಆ ಹುಡುಗನನ್ನು ಸಿದ್ಧಪಡಿಸುವ ಕೈಯೇ ಹೋದಂತೆ. ಗೂಚ್ ಅವರೊಡನೆ ಹೋದುದು ಬರಿಯ ವಿದ್ಯೆಯಲ್ಲ. ಬ್ಯಾಟ್ ಹಿಡಿಯುವ ರೀತಿಯನ್ನು ಇನ್ನೊಬ್ಬರು ಬಂದು ಹೇಳಿಕೊಡಬಹುದು. ಈ ಹುಡುಗ ಹದಿನೇಳರಲ್ಲಿ ಹೇಗೆ ನಿಲ್ಲುತ್ತಿದ್ದ, ಯಾವ ಸೋಲಿನ ಬಳಿಕ ಅವನ ತಲೆ ಎಡಕ್ಕೆ ವಾಲತೊಡಗಿತು, ಯಾರನ್ನು ಗದರಿಸಬೇಕು, ಯಾರನ್ನು ಸುಮ್ಮನೆ ಬಿಡಬೇಕು ಎಂಬ ತಿಳಿವಳಿಕೆ ಯಾವ ಕಡತದಲ್ಲಿಯೂ ಬರೆದಿಟ್ಟಿರುವುದಿಲ್ಲ. ಅದು ಒಬ್ಬ ಮನುಷ್ಯನ ಕಣ್ಣಿನಲ್ಲಿ ಮಾತ್ರ ಇರುತ್ತದೆ. ಇದಕ್ಕೆ ಪ್ರತಿಯಾಗಿ, ಟೆಸ್ಟ್ ಪಂದ್ಯಗಳಿಂದ ಬರುವ ಆದಾಯದಲ್ಲಿ ಮಂಡಳಿ ಕೌಂಟಿಗಳಿಗೆ ಪಾಲು ಕೊಡುತ್ತದೆ ಎಂಬ ವಾದವೂ ಇದೆ. ವಾದವೇನೋ ಸರಿ. ಆದರೆ ಕೊಡುವ ಕೈಯ ಮುಂದೆ ಇಲ್ಲವೆನ್ನುವುದು ಕೌಂಟಿಗಳಿಗೆ ಸುಲಭವಲ್ಲ ಎಂಬುದೂ ಅದರಿಂದಲೇ ತಿಳಿಯುತ್ತದೆ.

ಮುಂದಿನ ವರ್ಷದ ಜೂನ್ ತಿಂಗಳಲ್ಲಿ, ಚೆಲ್ಮ್ಸ್‌ಫರ್ಡಿನ ತಮ್ಮದೇ ಅಂಗಳದಲ್ಲಿ, ಲ್ಯಾಂಕಾಷೈರ್ ತಂಡದ ವಿರುದ್ಧ ಎಸೆಕ್ಸ್ ಕೇವಲ 20 ಓಟಗಳಿಗೆ ಕುಸಿಯಿತು. ಆ ಕೌಂಟಿಯ ಇತಿಹಾಸದಲ್ಲಿಯೇ ಅದು ಅತಿ ಕಡಿಮೆ ಮೊತ್ತ. ಶಿಕ್ಷಕ ಹೋದುದರಿಂದಲೇ ಹೀಗಾಯಿತೆಂದು ಹೇಳಹೊರಟರೆ ನ್ಯಾಯವಾಗದು. ಲ್ಯಾಂಕಾಷೈರಿನ ಬೌಲರುಗಳು ಆ ದಿನ ಚೆನ್ನಾಗಿ ಎಸೆದರು. ಕುಕ್ ಕೂಡ ದೇಶದ ಕೆಲಸದ ಮೇಲಿದ್ದರು. ಒಂದು ಸಂಜೆಯ ಕುಸಿತಕ್ಕೆ ಒಂದೇ ಕಾರಣ ಹುಡುಕುವುದು ಅಂಕಿಅಂಶಗಳ ಚಪಲ.

ಅತ್ತ ಇಂಗ್ಲೆಂಡಿಗೆ ಲಾಭವಾಯಿತು. 2012ರ ಕೊನೆಯಲ್ಲಿ ಕುಕ್ ನಾಯಕರಾಗಿ ಭಾರತಕ್ಕೆ ಬಂದು ಅಹಮದಾಬಾದ್, ಮುಂಬಯಿ, ಕೊಲ್ಕತ್ತಗಳಲ್ಲಿ ಸಾಲಾಗಿ ಮೂರು ಶತಕಗಳನ್ನು ಗಳಿಸಿದರು. ಸರಣಿ 2-1ರಿಂದ ಅವರದಾಯಿತು. ಆದರೆ ಶಿಕ್ಷಕನ ಭಾಗ್ಯ ಶಿಷ್ಯರ ಓಟಗಳಿಗೆ ಗಂಟುಬಿದ್ದುದು. 2013-14ರಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯದಲ್ಲಿ ಐದಕ್ಕೆ ಐದೂ ಟೆಸ್ಟ್‌ಗಳನ್ನು ಸೋತಿತು. 2014ರ ಏಪ್ರಿಲಿನಲ್ಲಿ ಗೂಚ್ ಅವರ ಕೆಲಸ ಮುಗಿಯಿತು.

ಅವರ ಸ್ಥಾನಕ್ಕೆ ಮಂಡಳಿ ಯಾರನ್ನು ತಂದಿತು? ಮತ್ತೊಂದು ಕೌಂಟಿಯ ಬ್ಯಾಟಿಂಗ್ ಶಿಕ್ಷಕನನ್ನು. ಮಿಡ್ಲ್‌ಸೆಕ್ಸ್ ತಂಡಕ್ಕೆ ಕಲಿಸುತ್ತಿದ್ದ ಮಾರ್ಕ್ ರಾಮ್‌ಪ್ರಕಾಶ್ 2014ರ ನವೆಂಬರಿನಲ್ಲಿ ಇಂಗ್ಲೆಂಡಿನ ಕೆಲಸಕ್ಕೆ ಸೇರಿದರು. ಕೌಂಟಿ ಕ್ರಿಕೆಟ್ಟಿನಲ್ಲಿ ಶತಕಗಳ ರಾಶಿಯನ್ನೇ ಹಾಕಿಯೂ ಟೆಸ್ಟಿನಲ್ಲಿ ಎರಡೇ ಶತಕಗಳಿಗೆ ನಿಂತುಹೋದವರು ಅವರು. ಬಳಿಕ 2021ರಲ್ಲಿ ಸಾಮರ್‌ಸೆಟ್ ಕೌಂಟಿಯ ಸರದಿ. ಅಲ್ಲಿ ಆಡಿ, ಅಲ್ಲಿಯೇ ಶಿಕ್ಷಕರಾಗಿದ್ದ ಮಾರ್ಕಸ್ ಟ್ರೆಸ್ಕೋಥಿಕ್ ಅವರನ್ನು ದೇಶ ಕರೆದುಕೊಂಡಿತು. ಈ ವಿಷಯದಲ್ಲಿ ನಾವೂ ಪೂರ್ತಿ ನಿರಪರಾಧಿಗಳಲ್ಲ. 2000ದಲ್ಲಿ ರಾಹುಲ್ ದ್ರಾವಿಡ್ ಕೆಂಟ್ ಕೌಂಟಿಗೆ ಆಡಿದಾಗ ಅಲ್ಲಿ ಶಿಕ್ಷಕರಾಗಿದ್ದವರು ನ್ಯೂಜಿಲೆಂಡಿನ ಜಾನ್ ರೈಟ್. ಅದೇ ವರ್ಷ ಅವರನ್ನು ಭಾರತ ತನ್ನ ತಂಡಕ್ಕೆ ಕರೆತಂದಿತು. ಮರುವರ್ಷ ಕೊಲ್ಕತ್ತದಲ್ಲಿ ಲಕ್ಷ್ಮಣ್ ಮತ್ತು ದ್ರಾವಿಡ್ ಆಸ್ಟ್ರೇಲಿಯದ ವಿರುದ್ಧ 376 ಓಟಗಳ ಜೊತೆಯಾಟವಾಡಿದುದನ್ನು ಕೊಂಡಾಡುವ ನಾವು, ಶಿಕ್ಷಕನಿಲ್ಲದೆ ಉಳಿದ ಕೆಂಟನ್ನು ನೆನೆದವರಲ್ಲ.

2015ರ ಮೇ ತಿಂಗಳಲ್ಲಿ ಹೆಡಿಂಗ್ಲಿ ಮೈದಾನದಲ್ಲಿ ಕುಕ್ ತಮ್ಮ ಗುರುವಿನ 8,900 ಓಟಗಳನ್ನು ದಾಟಿ ಇಂಗ್ಲೆಂಡಿನ ಪರವಾಗಿ ಅತಿ ಹೆಚ್ಚು ಟೆಸ್ಟ್ ಓಟಗಳನ್ನು ಗಳಿಸಿದವರೆನಿಸಿದರು. ಎಸೆಕ್ಸ್ ಎರಡನೆಯ ವಿಭಾಗದಲ್ಲಿ ಆರು ಋತುಗಳನ್ನು ಕಳೆದು, 2016ರಲ್ಲಿ ಮೇಲೇರಿ, 2017ರಲ್ಲಿ ಒಂದು ಪಂದ್ಯವನ್ನೂ ಸೋಲದೆ ಚಾಂಪಿಯನ್ ಆಯಿತು. ಇಪ್ಪತ್ತೈದು ವರ್ಷಗಳಲ್ಲಿ ಅದು ಅವರಿಗೆ ಮೊದಲನೆಯ ಪಟ್ಟ.

2018ರಲ್ಲಿ ಟೆಸ್ಟ್ ಆಟದಿಂದ ನಿವೃತ್ತರಾದ ಕುಕ್ ತವರು ಕೌಂಟಿಗೆ ಮರಳಿ ಬಂದರು. 2019ರ ಸೆಪ್ಟೆಂಬರಿನಲ್ಲಿ ಟಾಂಟನ್ ಊರಿನಲ್ಲಿ ಎಸೆಕ್ಸ್ ಮತ್ತು ಸಾಮರ್‌ಸೆಟ್ ನಡುವೆ ಪಟ್ಟವನ್ನು ನಿರ್ಣಯಿಸುವ ಕೊನೆಯ ಪಂದ್ಯ ನಡೆಯಿತು. ಸಾಮರ್‌ಸೆಟ್ ಒಮ್ಮೆಯೂ ಚಾಂಪಿಯನ್ ಆಗದ ಕೌಂಟಿ; ಅವರಿಗೆ ಗೆಲುವೇ ಬೇಕಿತ್ತು, ಎಸೆಕ್ಸಿಗೆ ಸೋಲದಿದ್ದರೆ ಸಾಕಿತ್ತು. ಮಳೆ ಬಹಳಷ್ಟು ಆಟವನ್ನು ನುಂಗಿತು. ಬೇರೆ ದಾರಿಯಿಲ್ಲದೆ ಸಾಮರ್‌ಸೆಟ್ ತನ್ನ ಎರಡನೆಯ ಸರದಿಯನ್ನೇ ಬಿಟ್ಟುಕೊಟ್ಟು ಎದುರಾಳಿಗೆ ಬ್ಯಾಟ್ ಕೊಟ್ಟಿತು. ಕುಕ್ ಇನ್ನೊಮ್ಮೆ ಆರಂಭಿಕ ದಾಂಡಿಗರಾಗಿ ಇಳಿದರು. ಪಂದ್ಯ ಡ್ರಾ ಆಗುವುದು ಖಚಿತವಾದಾಗ, ಆ ಋತುವಿನೊಂದಿಗೆ ನಿವೃತ್ತರಾಗಲಿದ್ದ ಟ್ರೆಸ್ಕೋಥಿಕ್ ಬದಲಿ ಆಟಗಾರರಾಗಿ ಕೆಲವು ನಿಮಿಷಗಳ ಮಟ್ಟಿಗೆ ಮೈದಾನಕ್ಕೆ ಬಂದರು. ಎರಡೂ ತಂಡಗಳವರು ಚಪ್ಪಾಳೆ ತಟ್ಟಿದರು. ಪಟ್ಟ ಎಸೆಕ್ಸಿಗೆ ಹೋಯಿತು.