ಫೋಟಾನ್ ಮತ್ತು ವಿಕಿರಣದ ತೀವ್ರತೆ

ಬೆಳಕು ಕೇವಲ ಅಲೆಯೆಂಬ ಹತ್ತೊಂಬತ್ತನೆಯ ಶತಮಾನದ ದೃಢವಾದ ನಂಬುಗೆಯನ್ನು ಅಲುಗಿಸಿದ ವಿದ್ಯಮಾನಗಳಲ್ಲಿ ದ್ಯುತಿವಿದ್ಯುತ್ ಪರಿಣಾಮವು ಪ್ರಮುಖವಾದುದು. ಸತುವಿನ ತಗಡಿನ ಮೇಲೆ ಪ್ರಖರವಾದ ಕೆಂಬೆಳಕನ್ನು ಎಷ್ಟು ಹೊತ್ತು ಹಾಯಿಸಿದರೂ ಅದರಿಂದ ಎಲೆಕ್ಟ್ರಾನುಗಳು ಹೊರಬೀಳವು. ಕ್ಷೀಣವಾದ ಅತಿನೇರಳೆ ಕಿರಣವು ಸೋಕಿದೊಡನೆಯೇ ಹೊರಹೊಮ್ಮತೊಡಗುವುವು. ತೀವ್ರತೆಯನ್ನು ಹೆಚ್ಚಿಸಿದರೆ ಎಲೆಕ್ಟ್ರಾನುಗಳ ಸಂಖ್ಯೆ ಏರುವುದೇ ಹೊರತು ಅವುಗಳ ಗರಿಷ್ಠ ಚಲನಶಕ್ತಿ ಏರದೆಂಬುದನ್ನು ಲೆನಾರ್ಡರು 1902ರಲ್ಲಿ ಕಂಡಿದ್ದರು.

1900ರಲ್ಲಿ ಪ್ಲಾಂಕರು ಮಂಡಿಸಿದ್ದ ಶಕ್ತಿಕಣಗಳ ಕಲ್ಪನೆಯನ್ನು ಬೆಳಕಿಗೇ ಅನ್ವಯಿಸಿ, ಈ ಒಗಟನ್ನು 1905ರಲ್ಲಿ ಬಿಡಿಸಿದವರು ಐನ್‌ಸ್ಟೈನರು. ಬೆಳಕಿನ ಇಂತಹ ಒಂದು ಶಕ್ತಿಕಣದ, ಅಂದರೆ ಫೋಟಾನಿನ, ಶಕ್ತಿಯು ಪ್ಲಾಂಕ್ ಸ್ಥಿರಾಂಕ (6.626 × 10⁻³⁴ ಜೌಲ್-ಸೆಕೆಂಡ್) ಹಾಗೂ ಆವೃತ್ತಿಗಳ ಗುಣಲಬ್ಧ, ತೀವ್ರತೆಯಾದರೋ, ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಬೀಳುವ ಫೋಟಾನುಗಳ ಸಂಖ್ಯೆಯನ್ನು ಆ ಶಕ್ತಿಯಿಂದ ಗುಣಿಸಿದಾಗ ದೊರೆಯುವ ಮೌಲ್ಯ. 660 ನ್ಯಾನೋಮೀಟರ್ ತರಂಗದೂರದ 1 ವ್ಯಾಟ್ ಕೆಂಬೆಳಕಿನಲ್ಲಿ ಸೆಕೆಂಡಿಗೆ ಸುಮಾರು 3.3 × 10¹⁸ ಫೋಟಾನುಗಳಿರುತ್ತವೆ. ಸಮಾನ ತೀವ್ರತೆಯ ನೇರಳೆ ಬೆಳಕಿನಲ್ಲಿ ಅವುಗಳ ಸಂಖ್ಯೆ ಇದಕ್ಕಿಂತ ಕಡಮೆಯೆಂಬುದು ಪರೀಕ್ಷಾರ್ಥಿಗಳು ಸಾಮಾನ್ಯವಾಗಿ ಎಡವುವ ಅಂಶ.

ಐನ್‌ಸ್ಟೈನರ ದ್ಯುತಿವಿದ್ಯುತ್ ಸಮೀಕರಣವನ್ನು, ಅದನ್ನು ನಂಬದಿದ್ದ ಮಿಲಿಕನ್ನರ ಪ್ರಯೋಗಗಳೇ 1916ರ ವೇಳೆಗೆ ದೃಢಪಡಿಸಿದುದು ವಿಜ್ಞಾನದ ಸೋಜಿಗಗಳಲ್ಲೊಂದು. ಐನ್‌ಸ್ಟೈನರಿಗೆ 1921ರ ನೊಬೆಲ್ ಬಹುಮಾನ ಸಂದುದು ಸಾಪೇಕ್ಷತಾವಾದಕ್ಕಲ್ಲ, ವಿಶೇಷವಾಗಿ ದ್ಯುತಿವಿದ್ಯುತ್ ಪರಿಣಾಮದ ನಿಯಮಕ್ಕಾಗಿ.