ಅಂಗಸಾಧನೆಯ ಕೆಲವು ಮಾತುಗಳು

ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಕೆಲವರು ಜಿಮ್ಮಿಗೂ ಹೋಗುತ್ತಾರೆ. ಅಲ್ಲಿಯ ‘ರೆಪ್’, ‘ಸೆಟ್’ ಎಂಬ ಮಾತುಗಳು ಹೊಸವಾದರೂ ವಿಷಯ ಹಳೆಯದು. ಒಂದು ಸಲ ಕುಳಿತು ಎದ್ದರೆ ಒಂದು ರೆಪ್. ಹಾಗೆ ಬಿಡದೆ ಹತ್ತು ಸಲ ಮಾಡಿ ದಣಿವಾರಿಸಿಕೊಂಡರೆ ಒಂದು ಸೆಟ್. ‘ಸ್ಕ್ವಾಟ್’ ಎಂಬುದು ನಮ್ಮ ಗರಡಿಯ ಬಸ್ಕಿಗೆ ಹತ್ತಿರದ ನಂಟು. ಇಲ್ಲಿ ಪುಣೆಯ ತಾಲೀಮುಗಳಲ್ಲಿ ದಂಡ-ಬಸ್ಕಿಗೆ ಜೋರ್-ಬೈಠಕ್ ಎನ್ನುತ್ತಾರೆ. ‘ಪುಷ್-ಅಪ್’ ಎಂದರೆ ದಂಡವೇ ಎಂದು ತಿಳಿಯುವುದು ಮಾತ್ರ ಪೂರ್ತಿ ಸರಿಯಲ್ಲ. ಅದರಲ್ಲಿ ಮೈ ಹಲಗೆಯಂತೆ ನೆಟ್ಟಗೆ ಇಳಿದು ಏಳುತ್ತದೆ. ದಂಡದಲ್ಲಿ ಸೊಂಟವನ್ನು ಮೇಲೆತ್ತಿ, ಎದೆಯನ್ನು ನೆಲ ಸವರುವಂತೆ ಮುಂದೆ ತಂದು, ತಲೆಯೆತ್ತಬೇಕು.

ಎಲ್ಲಕ್ಕಿಂತ ಚೆನ್ನಾಗಿ ತಿಳಿಯಬೇಕಾದ ಮಾತು ‘ನೋವು’. ಹೊಸದಾಗಿ ಸಾಮು ಹಿಡಿದವರಿಗೆ ಮರುದಿನ, ಅದರ ಮರುದಿನ ತೊಡೆ ತೋಳು ಹಿಡಿದುಕೊಳ್ಳುತ್ತವೆ. ಇದು ಮಾಂಸಖಂಡದ ನೋವು. ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ. ಕೀಲಿನಲ್ಲಿ ಚುಚ್ಚಿದಂತಾದರೆ, ಊತ ಬಂದರೆ ಸಂಗತಿ ಬೇರೆ. ಇವೆರಡನ್ನೂ ಒಂದೇ ಎಂದು ಬಗೆದು ಬಸ್ಕಿ ಮುಂದುವರಿಸಿದ ನಾನು ಎರಡು ತಿಂಗಳು ಗೋಡೆ ಹಿಡಿದು ಮೆಟ್ಟಲಿಳಿದೆ. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿರಿ; ಸೆಟ್ಟಿನ ಲೆಕ್ಕ ಅರ್ಧಕ್ಕೇ ಉಳಿಯಲಿ.