ಕೆನೆಗಿಂತ ಮೊದಲು ನೀರಿನ ಲೆಕ್ಕ

ನಮ್ಮ ಮನೆಗಳಲ್ಲಿ ಕ್ಯಾಸರೋಲ್ ಎಂದರೆ ಚಪಾತಿ ಬಿಸಿಯಾಗಿಡುವ ಡಬ್ಬಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಅದು ಓವನ್ನಿಗಿಡುವ ಅಗಲ ಪಾತ್ರೆಯ ಹೆಸರೂ ಹೌದು, ಆ ಪಾತ್ರೆಯಲ್ಲಿ ಬೆಂದು ಅದರಲ್ಲೇ ಊಟಕ್ಕೆ ಬರುವ ಅಡುಗೆಯ ಹೆಸರೂ ಹೌದು. ಬೇಸಿಗೆಯಲ್ಲಿ ಅಲ್ಲಿನ ಹಿತ್ತಲುಗಳಲ್ಲಿ ಹಳದಿ ಸ್ಕ್ವಾಶ್ ಕಾಯಿ ತಿಂದು ಮುಗಿಸಲಾಗದಷ್ಟು ಬಿಡುತ್ತದೆ. ಅದನ್ನು ಈರುಳ್ಳಿಯೊಡನೆ ಬಾಡಿಸಿ, ಹಾಲು ಚೀಸಿನಲ್ಲಿ ಕಲಸಿ, ಮೇಲೆ ಉಪ್ಪು ಬಿಸ್ಕತ್ತಿನ ಪುಡಿ ಉದುರಿಸಿ ಬೇಯಿಸುವುದು ಅಲ್ಲಿನ ಮನೆಮನೆಯ ರೂಢಿ. ಈಗ ಬೆಂಗಳೂರಿನ ಅಂಗಡಿಗಳಲ್ಲೂ ಅದೇ ಜಾತಿಯ ಹಸಿರು, ಹಳದಿ ಜುಕೀನಿ ಸಿಗುವುದರಿಂದ ನಮ್ಮಲ್ಲೂ ಮಾಡಿ ನೋಡುವವರಿದ್ದಾರೆ. ಈ ಅಡುಗೆ ಕೆಟ್ಟಾಗ ಹೆಚ್ಚಾಗಿ ಒಂದೇ ರೀತಿ ಕೆಡುತ್ತದೆ: ಮೇಲೆ ಹೊಂಬಣ್ಣ, ಚಮಚ ಇಳಿಸಿದರೆ ತಳದಲ್ಲಿ ತಿಳಿನೀರು. ಆಗ ಸಿಗುವ ಸಲಹೆ, ಇನ್ನಷ್ಟು ಕೆನೆ ಹಾಕಿ, ಇನ್ನಷ್ಟು ಚೀಸ್ ಹಾಕಿ ಎಂಬುದು. ಅನುಭವದಿಂದ ನಾನು ಕಲಿತದ್ದು ಬೇರೆ. ಈ ಅಡುಗೆಗೆ ಕೆನೆಯ ಹದ ಬರುವುದು ಕಾಯಿಯಿಂದ ನೀರನ್ನು ಮೊದಲೇ ಹೊರಗೆ ತೆಗೆದರೆ. ಸೇರಿಸುವ ಮಾತು ಆಮೇಲಿನದು.

ಲೆಕ್ಕ ಹಾಕಿದರೆ ಇದು ತಿಳಿಯುತ್ತದೆ. ಸ್ಕ್ವಾಶಿನ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. ಒಂದು ಕಿಲೋ ಕಾಯಿಯಲ್ಲಿ 950 ಗ್ರಾಂ ಹತ್ತಿರ ನೀರಿರುತ್ತದೆ; ಬೇಯುವಾಗ ಅದರಲ್ಲಿ ಮೂರನೆಯ ಒಂದು ಪಾಲು ಹೊರಬಂದರೂ 300 ಮಿಲಿಲೀಟರಿಗೆ ಮೇಲಾಯಿತು. ಇನ್ನು ಬಿಳಿ ಸಾಸಿನ ಕಡೆ ನೋಡೋಣ. ಒಂದು ಕಪ್ ಹಾಲಿಗೆ ಎರಡು ದೊಡ್ಡ ಚಮಚ ಮೈದಾ, ಅಷ್ಟೇ ಬೆಣ್ಣೆ ಹಾಕಿದರೆ ಚಮಚದ ಬೆನ್ನಿಗೆ ಅಂಟಿಕೊಳ್ಳುವ ಹದ ಬರುತ್ತದೆ. ಒಂದೇ ಚಮಚ ಹಾಕಿದರೆ ಅದು ಸೂಪಿನಷ್ಟು ತೆಳು. ಒಲೆಯ ಮೇಲೆ ಎರಡು ಚಮಚದ ಹದದಲ್ಲಿ ಸಿದ್ಧವಾದ ಸಾಸಿಗೆ ಓವನ್ನಿನೊಳಗೆ ಒಂದೂಕಾಲು ಕಪ್ ತರಕಾರಿ ನೀರು ಸೇರಿದರೆ ಅದು ಒಂದು ಚಮಚದ ಹದಕ್ಕೂ ಕೆಳಗಿಳಿಯುತ್ತದೆ. ಸಾಸ್ ಮಾಡಿದವರ ಕೈ ಸರಿಯಾಗಿಯೇ ಇತ್ತು. ತಪ್ಪಿದ್ದು ಕಾಯಿಯೊಳಗಿನ ನೀರಿನ ಅಂದಾಜು. ಹಾಗೆಂದು ಮೈದಾವನ್ನೇ ಹೆಚ್ಚಿಸಿದರೆ, ಆ ನೀರು ಬರುವವರೆಗೆ ಸಾಸ್ ಗೋಂದಿನಂತಿರುತ್ತದೆ, ಬಂದಮೇಲೂ ಹಿಟ್ಟಿನ ರುಚಿ ನಾಲಿಗೆಯಲ್ಲಿ ಉಳಿಯುತ್ತದೆ.

ನೀರು ತೆಗೆಯಲು ಎರಡು ದಾರಿ. ಹೋಳುಗಳಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ತೆಳುಬಟ್ಟೆಯಲ್ಲಿ ಹಿಂಡುವುದು ಒಂದು. ಅಗಲ ಬಾಣಲೆಯಲ್ಲಿ ಬೆಣ್ಣೆ, ಈರುಳ್ಳಿಯ ಜೊತೆ ಮುಚ್ಚಳ ಹಾಕದೆ ದೊಡ್ಡ ಉರಿಯಲ್ಲಿ ಬಾಡಿಸಿ ನೀರನ್ನು ಆವಿಯಾಗಿಸುವುದು ಇನ್ನೊಂದು. ತರಕಾರಿಯ ಸಾರವನ್ನೇ ಹಿಂಡಿ ಚೆಲ್ಲಿದರೆ ಉಳಿಯುವುದೇನು ಎಂದು ಕೇಳುವವರಿದ್ದಾರೆ. ಅವರ ಆಕ್ಷೇಪ ನ್ಯಾಯವಾದದ್ದೇ. ಹಿಂಡಿದ ನೀರಿನ ಜೊತೆ ನೀರಿನಲ್ಲಿ ಕರಗುವ ಜೀವಸತ್ವಗಳೂ ಒಂದಿಷ್ಟು ಸಿಹಿಯೂ ಹೋಗುತ್ತವೆ. ಅದಕ್ಕಾಗಿಯೇ ನಾನು ಬಾಣಲೆಯ ಪಕ್ಷ. ಅಲ್ಲಿ ಹೋಗುವುದು ಬಹುಪಾಲು ನೀರು ಮಾತ್ರ. ಉಪ್ಪು, ಸಿಹಿ, ಸ್ವಾದ ಎಲ್ಲ ಹೋಳಿಗೇ ಅಂಟಿ ಗಟ್ಟಿಯಾಗುತ್ತವೆ. ಬಾಣಲೆ ಚಿಕ್ಕದಿದ್ದರೆ ಎರಡು ಸಲ ಬಾಡಿಸಬೇಕು, ಏಕೆಂದರೆ ಒತ್ತಾಗಿ ತುಂಬಿದ ಹೋಳುಗಳು ತಮ್ಮ ನೀರಿನಲ್ಲೇ ಬೆಂದು ಮುದ್ದೆಯಾಗುತ್ತವೆ. ಉಪ್ಪಿನ ದಾರಿಯನ್ನೇ ಹಿಡಿದವರು ಆ ನೀರನ್ನು ಚಪಾತಿ ಹಿಟ್ಟು ಕಲಸಲು ಇಟ್ಟುಕೊಳ್ಳಲಿ, ಹಿಟ್ಟಿಗೆ ಬೇರೆ ಉಪ್ಪು ಹಾಕಬೇಕಿಲ್ಲ. ಯಾವ ದಾರಿಯಾದರೂ ಹೋಳು ಅರ್ಧ ಸೆಂಟಿಮೀಟರ್ ದಪ್ಪವಿರಲಿ. ಬೆಳೆದು ದಪ್ಪಗಾದ ಕಾಯಿಯಾದರೆ ನಡುವಿನ ಬೀಜದ ತಿರುಳನ್ನು ಕೆರೆದು ತೆಗೆಯಬೇಕು, ಏಕೆಂದರೆ ಹೆಚ್ಚು ನೀರಿರುವುದು ಅಲ್ಲೇ.

ಇಷ್ಟೆಲ್ಲ ಯಾಕೆ, ಡಬ್ಬಿಯ ಸೂಪ್ ಸುರಿದು ಇಷ್ಟು ವರ್ಷ ಅಲ್ಲಿನವರು ಚೆನ್ನಾಗಿಯೇ ಮಾಡುತ್ತಿದ್ದಾರಲ್ಲ ಎಂಬ ಮಾತೂ ಇದೆ. ನಿಜ. ಕ್ಯಾಂಪ್‌ಬೆಲ್ ಕಂಪನಿಯ ಅಣಬೆ ಕ್ರೀಮ್ ಸೂಪ್ ಮಾರುಕಟ್ಟೆಗೆ ಬಂದದ್ದು 1934ರಲ್ಲಿ, ಮಹಾ ಆರ್ಥಿಕ ಕುಸಿತದ ಕಾಲ. ಈ ಅಡುಗೆಯ ಮೇಲೆ ಉದುರಿಸುವ ರಿಟ್ಜ್ ಬಿಸ್ಕತ್ತು ಬಂದದ್ದೂ ಅದೇ ವರ್ಷ. ಕೈಯಲ್ಲಿ ಕಾಸಿಲ್ಲದ, ಹಿತ್ತಲಲ್ಲಿ ಕಾಯಿ ಮಾತ್ರ ತುಂಬಿದ್ದ ಮನೆಗಳಿಗೆ ಇಂಥ ಪದಾರ್ಥಗಳಿಂದ ಎಷ್ಟು ಅನುಕೂಲವಾಯಿತೋ, ಆ ಗೌರವ ಅವಕ್ಕೆ ಸಲ್ಲಬೇಕು. ಆದರೆ ಆ ಸೂಪ್ ಇಲ್ಲಿ ಕೆಲಸ ಮಾಡುವ ಬಗೆಯನ್ನು ಗಮನಿಸಿದರೆ ಅದೂ ನನ್ನ ಮಾತನ್ನೇ ಹೇಳುತ್ತದೆ. ಅದು ಹಿಟ್ಟು, ಪಿಷ್ಟ ಸೇರಿಸಿ ಮಂದವಾಗಿ ಮಾಡಿದ ಸೂಪ್. ಕುಡಿಯುವುದಕ್ಕಾದರೆ ಅಷ್ಟೇ ನೀರೋ ಹಾಲೋ ಬೆರೆಸಬೇಕು. ಕ್ಯಾಸರೋಲಿಗೆ ಬೆರೆಸದೆ ಹಾಕುತ್ತಾರೆ. ಆ ಬೆರೆಸದ ನೀರಿನ ಜಾಗವನ್ನು ಕಾಯಿಯ ನೀರು ತುಂಬುತ್ತದೆ. ಅಂದರೆ ಅಲ್ಲಿ ನೀರಿನ ಲೆಕ್ಕವನ್ನು ಡಬ್ಬಿಯೇ ಹಾಕಿಕೊಟ್ಟಿರುತ್ತದೆ. ಅದರ ಜೊತೆಗೆ ಬರುವ ಉಪ್ಪನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆಯಲಾರರು.

ಕನ್ನಡದ ಅಡುಗೆಮನೆಗೆ ಈ ವಿವೇಕ ಹೊಸದಲ್ಲ. ಬೂದುಗುಂಬಳದ ಮಜ್ಜಿಗೆಹುಳಿಯನ್ನೇ ನೋಡಿ. ಹೋಳು ಬೇಯಿಸುವಾಗ ನೀರನ್ನು ಕೈ ಹಿಡಿದು ಹಾಕುತ್ತಾರೆ, ಕಾಯಿಯೇ ನೀರು ಬಿಡುತ್ತದೆಂದು ಗೊತ್ತು. ಆಮೇಲೆ ನೆನೆಸಿದ ಕಡಲೆಬೇಳೆಯನ್ನು ಕಾಯಿತುರಿ, ಹಸಿಮೆಣಸಿನಕಾಯಿಯೊಡನೆ ರುಬ್ಬಿ ಸೇರಿಸುತ್ತಾರೆ. ಆ ಬೇಳೆ ಹುಳಿಗೆ ಮಂದ ಕೊಡುತ್ತದೆ, ಮಜ್ಜಿಗೆ ಒಡೆಯದಂತೆಯೂ ತಡೆಯುತ್ತದೆ. ಬಿಳಿ ಸಾಸಿನಲ್ಲಿ ಮೈದಾ ಮಾಡುವುದೂ ಇದೇ ಕೆಲಸ: ಹಾಲಿನ ಪ್ರೋಟೀನ್ ಗಂಟುಕಟ್ಟದಂತೆ, ಚೀಸಿನ ಕೊಬ್ಬು ಬೇರ್ಪಟ್ಟು ತೇಲದಂತೆ ಅದು ಹಿಡಿದಿಡುತ್ತದೆ. ಬರೀ ಚೀಸಿನ ಮೇಲೆ ಭಾರ ಹಾಕಿದವರಿಗೆ ಎಣ್ಣೆ ಮೇಲೆ, ನಾರು ಕೆಳಗೆ ಆಗುವುದು ಈ ಆಸರೆ ಇಲ್ಲದ್ದರಿಂದ. ಚೀಸನ್ನು ಒಲೆ ಆರಿಸಿದ ಮೇಲೆ ಸೇರಿಸಬೇಕು, ಕುದಿಯುವಾಗಲ್ಲ. ಮನೆಯಲ್ಲೇ ತುರಿದದ್ದಾದರೆ ಇನ್ನೂ ನುಣುಪು. ತುರಿದು ಮಾರುವುದರಲ್ಲಿ ಅಂಟದಿರಲೆಂದು ಪುಡಿ ಬೆರೆಸಿರುತ್ತಾರೆ. ಮೊಟ್ಟೆ ಹಾಕುವವರೂ ಇದ್ದಾರೆ. ಮೊಟ್ಟೆ ಹಿಡಿತ ಕೊಡುತ್ತದೆ, ಆದರೆ ಕಾವು ಮಿತಿಮೀರಿದರೆ ಅದೇ ಬಿಗಿದುಕೊಂಡು ನೀರು ಬಿಡುತ್ತದೆ. ನೀರಿನ ತೊಂದರೆಗೆ ನೀರು ಬಿಡಬಲ್ಲ ಪದಾರ್ಥವನ್ನೇ ಮದ್ದಾಗಿ ನಂಬುವುದು ನನಗೆ ಒಪ್ಪಿಗೆಯಲ್ಲ.

ಇಷ್ಟು ನೀರಿನ ಕಾಯಿ ಬೇಡ, ಆಲೂಗಡ್ಡೆ ಹಾಕಿದರಾಯಿತು ಎಂದರೆ, ಆಲೂಗಡ್ಡೆ ತನ್ನ ಪಿಷ್ಟದಿಂದ ಸಾಸನ್ನು ತಾನೇ ಗಟ್ಟಿಮಾಡಿಕೊಳ್ಳುತ್ತದೆ, ಸುಲಭವೂ ಹೌದು. ಆದರೆ ಎಳೆಯದಾಗಿ ಕೊಯ್ದ ಸ್ಕ್ವಾಶಿನ ತೆಳು ಸಿಪ್ಪೆ, ಬಾಡಿದ ಈರುಳ್ಳಿಯ ಜೊತೆ ಹೊಂದುವ ಅದರ ನವಿರು ಸಿಹಿ ಅಲ್ಲಿ ಇರುವುದಿಲ್ಲ. ಸ್ಕ್ವಾಶ್ ಸಿಗದ ಊರಿನವರು ಸೀಮೆಬದನೆಯನ್ನು ಧಾರಾಳವಾಗಿ ಬಳಸಬಹುದು. ಎಳೆ ಸೋರೆಕಾಯಿಯೂ ಆಗುತ್ತದೆ. ಸ್ಕ್ವಾಶಾಗಲಿ ಸೋರೆಯಾಗಲಿ, ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ತಾಗಿಸಿ ನೋಡಲೇಬೇಕು. ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆಯಬೇಕು. ಆ ಕಹಿ ವಿಷ. ಬೇಯಿಸಿದರೆ ಹೋಗುವುದಿಲ್ಲ, ಕೆನೆಯಲ್ಲಿ ಮರೆಯಾದರೂ ಹೊಟ್ಟೆಯನ್ನು ಬಿಡುವುದಿಲ್ಲ.

ಓವನ್ನಿನಲ್ಲಿ 180 ಡಿಗ್ರಿಗೆ ಅರ್ಧ ಗಂಟೆ ಸಾಕು, ತರಕಾರಿ ಆಗಲೇ ಬೆಂದಿರುತ್ತದೆ. ಬಿಸ್ಕತ್ತು ಅಥವಾ ಒಣ ಬ್ರೆಡ್ಡಿನ ಪುಡಿಯನ್ನು ಕರಗಿದ ಬೆಣ್ಣೆಯಲ್ಲಿ ಕಲಸಿ ಕೊನೆಯ 15 ನಿಮಿಷಕ್ಕೆ ಉದುರಿಸಿದರೆ ಅದು ಕೆಳಗಿನ ಹಸಿಯನ್ನು ಹೀರುವ ಮೊದಲೇ ಗರಿಯಾಗುತ್ತದೆ. ಹೊರತೆಗೆದ ಕೂಡಲೇ ಬಡಿಸಬಾರದು. ಬಿಸಿಬಿಸಿ ಉಣ್ಣುವ ನಮ್ಮ ಅಭ್ಯಾಸಕ್ಕೆ ಇದು ಕಷ್ಟ, ಆದರೆ ಕುದಿಯುತ್ತಿರುವ ಸಾಸ್ ಯಾವತ್ತೂ ತೆಳುವೇ. ಆರುತ್ತ ಬಂದಂತೆ ಪಿಷ್ಟ ಗಟ್ಟಿಯಾಗುತ್ತದೆ. ಕಾಲು ಗಂಟೆ ಬಿಟ್ಟು ಒಂದು ಮೂಲೆಯಿಂದ ಮೊದಲ ಪಾಲನ್ನು ಎತ್ತಿ, ಆ ಖಾಲಿ ಜಾಗವನ್ನು ನೋಡಬೇಕು. ಸುತ್ತಲಿನ ಸಾಸ್ ಅಲ್ಲಿಗೆ ಮೆಲ್ಲನೆ ಜಾರಿ ಬರಬೇಕು, ಅದಕ್ಕಿಂತ ಮುಂಚೆ ನೀರು ಓಡಿ ಬರಬಾರದು.